ಹೆಸರಿಗೆ ಸಿದ್ದಲಿಂಗಸ್ವಾಮಿ

ಶನಿವಾರ ಬೆಳಿಗ್ಗೆ ಸಿದ್ದಲಿಂಗಸ್ವಾಮಿಯವರು ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಮೊದಲನೆಯ ತುತ್ತನ್ನು ಬಾಯಿಗಿಡುವ ಹೊತ್ತಿಗೆ ಬಾಗಿಲ ಬೆಲ್ಲು ಬಡಿದುಕೊಳ್ಳತೊಡಗಿತು. ಒಂದು ಸಲ ಒತ್ತಿ ಬಿಡುವ ಬೆಲ್ಲಲ್ಲ ಅದು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲು ಬಂದವರ ಹಾಗೆ ಯಾರೋ ಬೆರಳು ತೆಗೆಯದೆ ಒತ್ತುತ್ತಿದ್ದರು.

ಅಂದು ನಾಲ್ಕನೇ ಶನಿವಾರ, ಸರ್ಕಾರಿ ರಜೆ. ಯಾರು ಕರೆದರೂ ತಕ್ಷಣ ಏಳಬಾರದು ಎಂಬುದು ಗುಮಾಸ್ತಿಕೆಯಲ್ಲಿ ಅವರು ಕಲಿತ ದೊಡ್ಡ ಪಾಠ. ರಜೆಯ ದಿನ ಮಾತ್ರವಲ್ಲ, ಕೆಲಸದ ದಿನವೂ ಅದನ್ನು ಪಾಲಿಸುತ್ತಿದ್ದರು. ಆದರೆ ಮನೆ ಕಚೇರಿಯಲ್ಲವಲ್ಲ. ಎದ್ದು ಹೋಗಿ ಬಾಗಿಲು ತೆಗೆದರು. ಹೆಲ್ಮೆಟ್ಟು ಹಾಕಿಕೊಂಡೇ ನಿಂತಿದ್ದ, ಹೆಚ್ಚುಕಡಿಮೆ ಅವರದೇ ವಯಸ್ಸಿನ ಮನುಷ್ಯನೊಬ್ಬ ಬೆನ್ನಿನ ಚೀಲದಿಂದ ಒಂದು ಪೊಟ್ಟಣ ತೆಗೆದು ಹಿಡಿದ.

“ಸಿದ್ದಲಿಂಗಸ್ವಾಮಿಯೋರು?”

“ನಾನೇ.”

“ಖಾಲಿ ದೋಸೆ ಸಾರ್, ನಿಮ್ಮ ಹೆಸರಿಗೆ.”

ಅಷ್ಟು ಹೊತ್ತಿಗೆ ಅವರ ಹೆಂಡತಿ ಪ್ರೇಮಲೀಲಾ ಸೌಟು ಹಿಡಿದು ಹಿಂದೆ ಬಂದು ನಿಂತಾಗಿತ್ತು. ‘ನಾನೇ’ ಎಂಬ ಎರಡಕ್ಷರವನ್ನು ವಾಪಸ್ಸು ನುಂಗಲು ಸಿದ್ದಲಿಂಗಸ್ವಾಮಿಯವರು ನೋಡಿದರು. ಬಾಯಲ್ಲಿ ಉಪ್ಪಿಟ್ಟಿದ್ದುದರಿಂದ ಅದಕ್ಕೆ ಜಾಗವಿರಲಿಲ್ಲ.

ಒಂದು ದೋಸೆ ಪೊಟ್ಟಣಕ್ಕೆ ಇಷ್ಟು ಹೆದರಿಕೆ ಯಾಕೆಂದರೆ, ಹಿಂದಿನ ಸಂಜೆಯಷ್ಟೇ ಅವರು ಆಣೆ ಮಾಡಿದ್ದರು.

ಅವರ ಮನೆ ಇರುವುದು ಬನ್ನಿಮಂಟಪದಲ್ಲಿ, ಪಂಜಿನ ಕವಾಯತು ನಡೆಯುವ ಮೈದಾನದ ಕೂಗಳತೆಯಲ್ಲಿ. ಅಂಥ ಜಾಗದಲ್ಲಿ ಮನೆ ಇದ್ದವರನ್ನು ನೆಂಟರು ವರ್ಷವೆಲ್ಲ ಮರೆತಿದ್ದು ದಸರೆಗೆ ತಪ್ಪದೆ ನೆನೆಯುತ್ತಾರೆ. ಈ ಸಲವೂ ಅವರ ಕಡೆಯವರು, ಹೆಂಡತಿಯ ಕಡೆಯವರು, ಯಾರ ಕಡೆಯವರೆಂದು ಕೊನೆಯವರೆಗೂ ಗೊತ್ತಾಗದ ಇನ್ನೊಂದಿಷ್ಟು ಜನ ಬಂದು ನಡುಮನೆಯ ತುಂಬ ಚಾಪೆ ಹಾಸಿ ಮಲಗಿದ್ದರು. ಪ್ರೇಮಲೀಲಾ ಮಾತ್ರ ದಸರೆಯನ್ನು ಒಲೆಯ ಮುಂದೆಯೇ ಕಳೆದರು. ಕವಾಯತಿನ ಪಟಾಕಿಯ ಸದ್ದನ್ನು ಅವರು ಕೇಳಿದ್ದೂ ಹೋಳಿಗೆ ತಟ್ಟುತ್ತಲೇ. ಆ ಸಂಜೆ ಮನೆಮಂದಿಯೆಲ್ಲ ಹೋಳಿಗೆಗೆ ಕೂತಿದ್ದಾಗ ಒಬ್ಬ ಡೆಲಿವರಿಯವನು ಸಿದ್ದಲಿಂಗಸ್ವಾಮಿಯವರ ಹೆಸರು ಕೂಗಿಕೊಂಡು ಬಂದು, ಎಲ್ಲರ ನಡುವೆ ಒಂದು ಪ್ಲೇಟು ಪೂರಿ ಸಾಗು ಇಟ್ಟು ಹೋದ. ಕವಾಯತು ನೋಡುವುದಕ್ಕಿಂತ ಹೆಚ್ಚು ಆಸಕ್ತಿಯಿಂದ ನೆಂಟರು ಅದನ್ನು ನೋಡಿದರು.

ಹೆಂಡತಿಯ ಕೈಯಡುಗೆ ಚೆನ್ನಾಗಿರಲಿಲ್ಲವೆಂದು ಯಾರೂ ತಿಳಿಯಬಾರದು. ಪ್ರೇಮಲೀಲಾ ಮಾಡಿದ ಬಸ್ಸಾರಿಗೆ ಬೀದಿಯ ಕೊನೆಯವರೆಗೂ ಹೆಸರಿತ್ತು. ಸಿದ್ದಲಿಂಗಸ್ವಾಮಿಯವರ ಸಂಕಟ ಬೇರೆ. ಮನೆಯಲ್ಲಿ ಏನು ಅಡುಗೆ ಎಂಬುದನ್ನು ತೀರ್ಮಾನಿಸುತ್ತಿದ್ದುದು ಫ್ರಿಜ್ಜು. ಅದರೊಳಗೆ ಯಾವುದು ಮೊದಲು ಬಾಡುತ್ತದೋ ಅದೇ ಅಂದಿನ ಸಾರು. ಫೋನಿನೊಳಗಿನ ಊಟ ತರಿಸುವ ಆ್ಯಪು ಮಾತ್ರ ತೆರೆದ ಕೂಡಲೇ ‘ಸಿದ್ದಲಿಂಗಸ್ವಾಮಿಯವರೇ, ಇವತ್ತು ಏನು ಬೇಕು?’ ಎಂದು ಕೇಳುತ್ತಿತ್ತು. ಮದುವೆಯಾದ ಮೇಲೆ ಆ ಪ್ರಶ್ನೆಯನ್ನು ಅವರಿಗೆ ಬೇರೆ ಯಾರೂ ಕೇಳಿರಲಿಲ್ಲ. ಪೂರಿ ತಣ್ಣಗಾಗಿ ಚಪ್ಪಲಿಯ ಅಟ್ಟೆಯಂತೆ ಬಂದರೂ ಅವರು ಮತ್ತೆ ಮತ್ತೆ ತರಿಸುತ್ತಿದ್ದುದು ಆ ಪ್ರಶ್ನೆಯ ರುಚಿಗೆ.

ನೆಂಟರೆಲ್ಲ ಹೋದ ಮೇಲೆ ಪಂಚಾಯಿತಿ ಸೇರಿತು. ನ್ಯಾಯ ಹೇಳಿದ್ದು ಪ್ರೇಮಲೀಲಾ ಅವರ ಅಣ್ಣ, ನಜರ್‌ಬಾದಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಗುರುಮಲ್ಲಪ್ಪ. ಸಿದ್ದಲಿಂಗಸ್ವಾಮಿಯವರು ಫೋನಿನಿಂದ ಆ ಆ್ಯಪನ್ನು ಎಲ್ಲರೆದುರಿಗೆ ಅಳಿಸಿ, “ಇನ್ನು ಮೇಲೆ ನಾನು ಹೊರಗಡೆಯಿಂದ ಏನೂ ತರಿಸಲ್ಲ, ಮಾದಪ್ಪನಾಣೆ,” ಎಂದರು.

“ಹಂಗಂದ್ರೆ ಆಗಲ್ಲ ಭಾವ,” ಎಂದರು ಗುರುಮಲ್ಲಪ್ಪ. “ಯಾರು ತರ್ಸಿದ್ರು, ಯಾರು ತಿಂದ್ರು ಅಂತ ಕಾಯ್ಕೊಂಡು ಕೂರೋರ್ಯಾರು? ವ್ಯಾಪಾರದಲ್ಲಿ ಹೆಸರು ಮುಖ್ಯ. ಮಾಲು ಯಾರ ಹೆಸರಲ್ಲಿ ಬಂತೋ ಅವನೇ ಜವಾಬ್ದಾರ. ‘ನನ್ನ ಹೆಸರಲ್ಲಿ ಒಂದು ಪೊಟ್ಟಣಾನೂ ಬರಲ್ಲ’ ಅನ್ನಿ.”

ಸಿದ್ದಲಿಂಗಸ್ವಾಮಿಯವರು ಹಾಗೇ ಅಂದರು.

“ಬಂದ್ರೆ?” ಎಂದು ಕೇಳಿದರು ಪ್ರೇಮಲೀಲಾ.

“ಬಂದ್ರೆ ಏನು ಮಾಡ್ಬೇಕು ಅಂತ ನೀನೇ ಹೇಳಮ್ಮ,” ಎಂದರು ಅಣ್ಣ.

“ದೀಪಾವಳಿವರೆಗೂ ನಾನು ಒಲೆ ಹಚ್ಚಲ್ಲ.”

ಸಿದ್ದಲಿಂಗಸ್ವಾಮಿಯವರಿಗೆ ಇದು ದುಬಾರಿ ಎನಿಸಿತು. ಮನೆಯಲ್ಲಿ ಸಾರು ಕುದಿಯುತ್ತಿದ್ದರೆ ತಾನೆ ಹೊರಗಿನ ಪೂರಿಗೆ ರುಚಿ. ಆದರೂ ಒಪ್ಪಿಕೊಂಡರು, ಯಾಕೆಂದರೆ ಅವರ ಮನಸ್ಸು ಆ ಹೊತ್ತಿಗೆ ನಿಜವಾಗಿಯೂ ಶುದ್ಧವಾಗಿತ್ತು.

ಆ ಶುದ್ಧಿಗೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಖಾಲಿ ದೋಸೆ ಬಂದು ಮೇಜಿನ ಮೇಲೆ ಕೂತಿತು.

“ಪ್ರೇಮಾ, ಇದು ನಾನು ತರ್ಸಿದ್ದಲ್ಲ.”

“ಹೆಸರು ಯಾರದ್ದು?”

“ಹೆಸರು ನಂದೇ. ಆದ್ರೆ...”

ಪ್ರೇಮಲೀಲಾ ಅವರಿಗೆ ಆ ‘ಆದ್ರೆ’ ಬೇಕಾಗಿರಲಿಲ್ಲ. ಗಂಡನ ಮುಂದಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಎತ್ತಿಕೊಂಡರು, ಒಲೆ ಆರಿಸಿದರು, ಅಣ್ಣನಿಗೆ ಫೋನು ಮಾಡಿ “ಬಂತು ಕಣಣ್ಣ” ಎಂದರು. ಶನಿವಾರದ ವ್ಯಾಪಾರ ಬಿಟ್ಟು ಬರಲಾಗುವುದಿಲ್ಲ, ಐದು ಗಂಟೆಗೆ ಬಂದು ತೀರ್ಮಾನ ಹೇಳುತ್ತೇನೆ, ಅಲ್ಲಿವರೆಗೆ ಪೊಟ್ಟಣ ಬಿಚ್ಚಬೇಡಿ ಎಂದು ಆ ಕಡೆಯಿಂದ ಅಪ್ಪಣೆಯಾಯಿತು. ತಾವು ನಿರಪರಾಧಿ ಎಂದು ತೋರಿಸಲು ಸಿದ್ದಲಿಂಗಸ್ವಾಮಿಯವರಿಗೆ ಉಳಿದಿದ್ದು ಸಂಜೆಯವರೆಗಿನ ಹೊತ್ತು. ತೋರಿಸಲಾಗದಿದ್ದರೆ ದೀಪಾವಳಿಯವರೆಗೆ ತಣ್ಣನೆಯ ಒಲೆ.

ಅವರು ಓಡಿಹೋಗಿ ಗೇಟಿನ ಬಳಿ ಬೈಕು ತಿರುಗಿಸುತ್ತಿದ್ದ ಡೆಲಿವರಿಯವನನ್ನು ಹಿಡಿದರು.

“ಒಂದ್ನಿಮಿಷ ನಿಲ್ಲಿ. ಈ ದೋಸೆ ತರ್ಸಿದ್ದು ನಾನಲ್ಲ.”

ಅವನು ಹೆಲ್ಮೆಟ್ಟು ತೆಗೆದು ಅವರನ್ನು ಮೇಲಿಂದ ಕೆಳಗೆ ನೋಡಿದ. “ಬುಡಿ ಸಾರ್, ತಿನ್ನೋದ್ರಲ್ಲಿ ನಾಚ್ಕೆ ಏನು. ನನ್ನ ಹೆಸ್ರು ದೇವರಾಜು, ಉದಯಗಿರಿಯೋನು. ನಿಮ್ಮನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಬಾಳ ದಿನದಿಂದ ಆಸೆ ಇತ್ತು.”

“ನನ್ನನ್ನಾ? ಯಾಕೆ?”

“ನಮ್ಮೋರೆಲ್ಲ ನಿಮ್ಮ ವಿಷ್ಯ ಮಾತಾಡ್ಕೋತಾರೆ ಸಾರ್. ಬೆಳಿಗ್ಗೆ ಮಸಾಲೆ ದೋಸೆ, ಮಧ್ಯಾಹ್ನ ಪನೀರು, ಸಂಜೆಗೆ ಗೋಬಿ ಮಂಚೂರಿ. ಒಂದು ದಿನ ತಪ್ಪಿಸಲ್ಲ. ಇಷ್ಟೆಲ್ಲ ತಿನ್ನೋರು ಎಂಗಿರ್ತಾರೋ ಅನ್ಕೊಂಡಿದ್ದೆ.” ಅವನ ದೃಷ್ಟಿ ಅವರ ಹೊಟ್ಟೆಯ ಮೇಲೆ ನಿಂತಿತು. “ಬಡಕಲಾಗೇ ಇದೀರಿ.” ಅವನಿಗೆ ಸ್ವಲ್ಪ ನಿರಾಸೆಯಾದಂತಿತ್ತು.

“ಇದೆಲ್ಲ ನನ್ನ ಹೆಸರಲ್ಲಿ ಬರುತ್ತಾ? ನಮ್ಮ ಮನೆಗಾ?”

“ನಿಮ್ಮ ಹೆಸರಲ್ಲೇ. ನಾನು ಮುಂದ್ಗಡೆ ಬಾಗ್ಲಿಗೆ ಬಂದಿದ್ದು ಇವತ್ತೇ ಮೊದಲು, ಬೆಲ್ಲು ಬುಡದಂಗೆ ಹೊಡೀರಿ ಅಂತ ಬರ್ದಿತ್ತು, ಹೊಡ್ದೆ. ದಿನಾ ಆದ್ರೆ ಹಿಂದಿನ ಗೇಟು. ಮೀಟರ್ ಬಾಕ್ಸ್ ಮೇಲಿಟ್ಟು ಸದ್ದು ಮಾಡ್ದೆ ಹೋಗಿ ಅಂತ ಇರ್ತದೆ.”

“ಅವರ ಫೋನ್ ನಂಬರ್ರು?”

“ನಂಬರ್ರೆಲ್ಲ ನಮ್ಗೆ ತೋರ್ಸಲ್ಲ ಸಾರ್. ನಮ್ಗೆ ಹೆಸರೊಂದೇ.”

ಹಿಂದಿನ ಗೇಟು, ಮೀಟರ್ ಬಾಕ್ಸು. ಅಷ್ಟು ಕೇಳಿದ ಮೇಲೆ ಸಿದ್ದಲಿಂಗಸ್ವಾಮಿಯವರಿಗೆ ಬೇರೇನೂ ಬೇಕಾಗಲಿಲ್ಲ. ಮನೆಯ ಹಿಂದೆ ಯಾರೂ ಓಡಾಡದ ಕನ್ಸರ್ವೆನ್ಸಿ ಓಣಿಯೊಂದಿತ್ತು. ಗೇಟಿನ ಪಕ್ಕದಲ್ಲಿ ನಂದಿಬಟ್ಟಲ ಗಿಡ, ಅದರ ಮರೆಯಲ್ಲಿ ಮೀಟರ್ ಬಾಕ್ಸು. ಕೆಲಸದ ದಿನಗಳಲ್ಲಿ ಅವರು ಕಚೇರಿಯಲ್ಲಿರುತ್ತಿದ್ದುದರಿಂದ ಆ ಪೆಟ್ಟಿಗೆ ಇಷ್ಟು ದೊಡ್ಡ ಹೋಟೆಲ್ಲಾಗಿ ಬೆಳೆದಿದ್ದು ಅವರಿಗೆ ಗೊತ್ತಾಗಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಸ್ಟೂಲು ಹಾಕಿ, ಒಣಗಲು ಹಾಕಿದ್ದ ಹೊದಿಕೆಯ ಮರೆಯಲ್ಲಿ ಕೂತರು. ಹೊಟ್ಟೆಯಲ್ಲಿದ್ದುದು ಒಂದೇ ತುತ್ತು ಉಪ್ಪಿಟ್ಟು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಬೈಕೊಂದು ಬಂದು, ಬಾಕ್ಸಿನ ಮೇಲೆ ಪೊಟ್ಟಣ ಇಟ್ಟು, ಸದ್ದು ಮಾಡದೆ ಹೋಯಿತು. ಹಿಂದೆಯೇ ಹೂವಿನ ಬುಟ್ಟಿ ಹಿಡಿದು ಪಕ್ಕದ ಮನೆಯ ಲಕ್ಷ್ಮಮ್ಮನವರು ಬಂದರು. ಬಿಪಿ, ಸಕ್ಕರೆ ಎರಡೂ ಇದ್ದ ಹಿರಿಯರು. ದಿನಾ ಪೂಜೆಗೆಂದು ನಂದಿಬಟ್ಟಲು ಬಿಡಿಸಿಕೊಳ್ಳುವುದು ಅವರ ವಾಡಿಕೆ. ಬಿಡಿಸಿದ್ದು ಎರಡೇ ಹೂವು. ಮೂರನೆಯದಾಗಿ ಬುಟ್ಟಿಗೆ ಬಿದ್ದದ್ದು ಪೊಟ್ಟಣ.

“ಏನ್ ಲಕ್ಷ್ಮಮ್ಮನೋರೆ, ಮೀಟರ್ ಬಾಕ್ಸಲ್ಲೂ ಹೂವು ಬಿಟ್ಟಿದೆಯಾ?” ಎನ್ನುತ್ತ ಸಿದ್ದಲಿಂಗಸ್ವಾಮಿಯವರು ಹೊದಿಕೆ ಸರಿಸಿ ಎದ್ದರು.

ಲಕ್ಷ್ಮಮ್ಮ ಬೆಚ್ಚಲಿಲ್ಲ. “ಸ್ವಾಮಿಯೋರಾ? ನಿಮ್ದೇ ಪೊಟ್ಟಣ ಬಿಸ್ಲಲ್ಲಿ ಒಣಗ್ತಿತ್ತು ಕಣಪ್ಪ. ಒಳಕ್ಕೆ ಕೊಡಾನ ಅಂತ ಎತ್ಕೊಂಡೆ.”

“ಹಾಗಾದ್ರೆ ಕೊಡಿ.”

ಅವರು ಬುಟ್ಟಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿ ಹಿಡಿದರು. ತುಪ್ಪದಲ್ಲಿ ಬೆಂದ ಮಸಾಲೆ ದೋಸೆಯ ಪರಿಮಳ ಇಬ್ಬರ ನಡುವೆ ಸುಳಿಯಿತು. ಲಕ್ಷ್ಮಮ್ಮನ ಮುಖ ಇಳಿಯಿತು.

“ನನ್ಸೊಸೆ ಕುಸುಮ ಕೆಟ್ಟೋಳಲ್ಲ ಕಣಪ್ಪ. ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದ್ರು, ಅವ್ಳು ನಿಲ್ಲಿಸೇ ಬುಟ್ಳು. ಎಣ್ಣೆ ಮನೇಲಿ ದೇವ್ರ ದೀಪಕ್ಕೆ ಮಾತ್ರ. ಸಪ್ಪೆ ತಿಂದು ತಿಂದು ನನ್ ನಾಲ್ಗೆ ಸತ್ತೋಗದೆ. ಒಂದು ದೋಸೆ ತಿಂದ್ರೆ ಆವತ್ತೆಲ್ಲ ಬದುಕಿದ್ದೀನಿ ಅನ್ಸ್ತದೆ.”

“ತಿನ್ನಿ, ಬೇಡ ಅನ್ನಲ್ಲ. ಅದಕ್ಕೆ ನನ್ನ ಹೆಸರ್ಯಾಕೆ?”

“ನನ್ನೆಸ್ರು ಹಾಕಿದ್ರೆ ಸೀದಾ ನಮ್ಮನೆ ಬಾಗ್ಲಿಗೇ ತಂದ್ಬುಡ್ತಾರಲ್ಲ. ನಿಮ್ಮೆಸ್ರು ಎಂಗೂ ಕೆಟ್ಟೋಗದೆ. ಇನ್ನೊಂದು ದೋಸೆಯಿಂದ ಇನ್ನೆಷ್ಟು ಕೆಡ್ತದೆ?”

ಸೊಸೆಗೆ ಹೇಳುವುದಿಲ್ಲವೆಂದು ಸಿದ್ದಲಿಂಗಸ್ವಾಮಿಯವರು ಮಾತು ಕೊಟ್ಟರು. ಸಂಜೆ ಐದಕ್ಕೆ ಬಂದು ಭಾವನವರ ಕಿವಿಯಲ್ಲಿ ಒಂದೇ ಒಂದು ಮಾತು ನಿಜ ಹೇಳಿ ಹೋಗುವುದಾಗಿ ಲಕ್ಷ್ಮಮ್ಮ ಮಾತು ಕೊಟ್ಟರು. “ನಿಜ ಹೇಳಕ್ಕೆ ನನ್ಗೇನು ಭಯ” ಎಂದು ಬುಟ್ಟಿಗೆ ಸೆರಗು ಮುಚ್ಚಿಕೊಂಡು ಹೊರಟರು.

ಮಧ್ಯಾಹ್ನ ಪನೀರು ಬಂತು. ಬಾಕ್ಸಿನ ಬಳಿ ಕಾಣಿಸಿಕೊಂಡವಳು ಅದೇ ಸೊಸೆ ಕುಸುಮ. ಹೊದಿಕೆಯ ಹಿಂದಿನಿಂದ ಎದ್ದ ಸಿದ್ದಲಿಂಗಸ್ವಾಮಿಯವರನ್ನು ಕಂಡು, “ಕರಿಬೇವು ಬೇಕಾಗಿತ್ತು ಅಂಕಲ್, ಒಗ್ಗರಣೆಗೆ,” ಎಂದಳು. ಆ ಹಿತ್ತಿಲಲ್ಲಿ ಕರಿಬೇವಿನ ಗಿಡ ಎಂದೂ ಇರಲಿಲ್ಲ, ಕುಸುಮಳ ಮನೆಯಲ್ಲಿ ಒಗ್ಗರಣೆಯೂ ಇರಲಿಲ್ಲ.

“ಪನೀರು ನಿಂದೇ ಏನಮ್ಮ?”

ಕುಸುಮ ಸುತ್ತ ನೋಡಿ ದನಿ ತಗ್ಗಿಸಿದಳು. “ಅತ್ತೆಗೆ ಹೇಳ್ಬೇಡಿ ಅಂಕಲ್. ಪಾಪ, ಅವರು ಉಪ್ಪು ಖಾರ ಎಲ್ಲ ಬಿಟ್ಟು ಕೂತಿದಾರೆ. ಅವರ ಮುಂದೆ ನಾನು ಹೆಂಗೆ ಬಾಯಿ ಚಪ್ಪರಿಸ್ಲಿ? ಅವರ ಜೊತೆ ನಾನೂ ಸಪ್ಪೆನೇ ಅಂತ ಹೇಳಿದ್ದೀನಿ. ಮನಸ್ಸಿಗೆ ಎಷ್ಟು ಹಿಂಸೆ ಆಗುತ್ತೆ ಗೊತ್ತಾ, ಇದನ್ನ ತಿನ್ನೋವಾಗ.”

ಹಿಂಸೆಯಾದರೂ ದಿನ ತಪ್ಪದೆ ತಿನ್ನುತ್ತಿದ್ದಳು. ‘ನಿನ್ನ ಅತ್ತೆ ಬೆಳಿಗ್ಗೆ ಇದೇ ಜಾಗದಿಂದ ಮಸಾಲೆ ದೋಸೆ ಒಯ್ದರು’ ಎಂಬ ಮಾತು ಸಿದ್ದಲಿಂಗಸ್ವಾಮಿಯವರ ನಾಲಿಗೆಯ ತುದಿಗೆ ಬಂತು. ಕೊಟ್ಟ ಮಾತು ಅಡ್ಡ ಬಂದು ನುಂಗಿಕೊಂಡರು. ಹೊಟ್ಟೆಗೆ ಬೇರೇನೂ ಇರಲಿಲ್ಲವಾದ್ದರಿಂದ ಅದು ಸಲೀಸಾಗಿ ಇಳಿಯಿತು. ಅವಳೂ ಐದಕ್ಕೆ ಬಂದು ಕಿವಿಯಲ್ಲಿ ಹೇಳುವುದಾಗಿ ಒಪ್ಪಿದಳು. ಕರಿಬೇವು ಕೇಳಲು ಬಂದ ಕೈ ಪನೀರು ತಗೊಂಡು ಹೋಯಿತು.

ಮನೆಯೊಳಗೆ ನೀರು ಕುಡಿಯಲು ಹೋದಾಗ ಪ್ರೇಮಲೀಲಾ ದಿವಾನದ ಮೇಲೆ ಕಾಲು ಚಾಚಿ ಟೀವಿ ನೋಡುತ್ತಿದ್ದರು. ಹಗಲು ಹೊತ್ತಿನಲ್ಲಿ ಹೆಂಡತಿಯ ಕಾಲು ನೇರವಾಗಿದ್ದುದನ್ನು ಸಿದ್ದಲಿಂಗಸ್ವಾಮಿಯವರು ಕಂಡದ್ದೇ ಅಪರೂಪ. ಇದು ಬಹಳ ದೊಡ್ಡ ಕೋಪವೇ ಇರಬೇಕೆಂದು ತಿಳಿದು, ಎರಡು ಲೋಟ ನೀರು ಕುಡಿದು ಸದ್ದಿಲ್ಲದೆ ಹಿತ್ತಿಲಿಗೆ ಮರಳಿದರು.

ನಾಲ್ಕು ಗಂಟೆಗೆ ಗೋಬಿ ಮಂಚೂರಿ ಬಂತು. ಅದನ್ನು ಒಯ್ಯಲು ಬಂದವರನ್ನು ನೋಡಿ ಸಿದ್ದಲಿಂಗಸ್ವಾಮಿಯವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಎದುರು ಮನೆಯ ಕೃಷ್ಣಸ್ವಾಮಿಯವರು ಓಣಿಯಲ್ಲಿ ಹಿಂದುಹಿಂದಕ್ಕೆ ನಡೆದುಕೊಂಡು ಬರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಆರೋಗ್ಯವನ್ನೇ ವೃತ್ತಿ ಮಾಡಿಕೊಂಡವರು. ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಸಿರಿಧಾನ್ಯದ ಮೇಲೆ ಭಾಷಣ, ಸಂಜೆ ಮಂಡಿಗೆ ಒಳ್ಳೆಯದೆಂದು ಹಿಮ್ಮುಖ ನಡಿಗೆ. ಬಾಕ್ಸಿನ ಹತ್ತಿರ ಬರುತ್ತಿದ್ದಂತೆ ಬೆನ್ನ ಹಿಂದೆ ಕಟ್ಟಿದ್ದ ಅವರ ಕೈಗಳು ಬಿಚ್ಚಿಕೊಂಡು, ಕಣ್ಣಿದ್ದಂತೆ ಪೊಟ್ಟಣ ಎತ್ತಿಕೊಂಡವು. ಮುಖ ಮಾತ್ರ ಎದುರಿಗೆ ಆಕಾಶ ನೋಡುತ್ತಿತ್ತು.

“ಕೃಷ್ಣಸ್ವಾಮಿಗಳೇ, ಮಂಡಿ ಹೇಗಿದೆ?”

ಕೃಷ್ಣಸ್ವಾಮಿ ಎರಡು ಹೆಜ್ಜೆ ಮುಂದಕ್ಕೆ ಹಾರಿದರು. ಸುಧಾರಿಸಿಕೊಳ್ಳಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ಇದು ಅಧ್ಯಯನ ಸ್ವಾಮಿ. ಜನ ಎಂಥಾ ವಿಷ ತಿಂತಿದ್ದಾರೆ ಅಂತ ತಿಳ್ಕೊಳ್ಳದೆ ಬೋಧನೆ ಮಾಡೋದು ತಪ್ಪು.”

“ದಿನಾ ತಿಳ್ಕೋಬೇಕಾ?”

“ವಿಷದ ಪ್ರಮಾಣ ದಿನಾ ಬದಲಾಗುತ್ತೆ.” ಹಾಗೆಂದು ಅವರೂ ಹೆಗಲಿಳಿಸಿದರು. “ನಿಜ ಹೇಳ್ಲಾ? ಗೋಬಿ ಗಾಡಿ ಹತ್ರ ಹೋದ್ರೆ ಅಲ್ಲಿ ನಮ್ಮ ಪಾರ್ಕಿನವರೇ ನಿಂತಿರ್ತಾರೆ. ಅವರು ನನ್ನನ್ನ ನೋಡಿ ತಟ್ಟೆ ಮುಚ್ಕೋತಾರೆ, ನಾನು ಅವರನ್ನ ನೋಡಿ ವಾಪಸ್ ಬರ್ತೀನಿ. ಇಬ್ಬರಿಗೂ ಯಾಕೆ ಕಷ್ಟ ಅಂತ ತರಿಸ್ಕೋತೀನಿ. ಇವತ್ತೇ ಕೊನೆ ಕಣ್ರೀ. ರಾತ್ರಿಯಿಂದ ನವಣೆ, ಮುಗೀತು. ಐದಕ್ಕೆ ಬಂದು ನಿಮ್ಮ ಭಾವನವರ ಮುಂದೆ ಎದೆ ತಟ್ಟಿ ಹೇಳ್ತೀನಿ.”

ಸಿದ್ದಲಿಂಗಸ್ವಾಮಿಯವರ ಮನಸ್ಸು ಹಗುರವಾಯಿತು. ಮೂವರು ಸಾಕ್ಷಿಗಳು, ಮೂವರೂ ಮರ್ಯಾದಸ್ಥರು. ಪೊಟ್ಟಣಗಳನ್ನು ಮಾತ್ರ ಮೂವರೂ ಒಯ್ದಿದ್ದರು ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

ಐದು ಗಂಟೆಗೆ ಗುರುಮಲ್ಲಪ್ಪ ಇಂಗಿನ ವಾಸನೆ ಸಮೇತ ಬಂದು ದಿವಾನದ ಮೇಲೆ ಕೂತರು. ಮೇಜಿನ ನಡುವೆ ಬೆಳಗಿನ ಖಾಲಿ ದೋಸೆಯ ಪೊಟ್ಟಣ ಬಿಚ್ಚದೆ ಇತ್ತು. ಸಾಕ್ಷಿಗಳೂ ಬಂದರು, ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ. ಲಕ್ಷ್ಮಮ್ಮ, ಕುಸುಮ ಅಕ್ಕಪಕ್ಕದಲ್ಲೇ ಕೂತರು. ಕೃಷ್ಣಸ್ವಾಮಿ ಪಾರ್ಕಿನ ಇಬ್ಬರು ಶಿಷ್ಯರನ್ನು ಕರೆದುಕೊಂಡೇ ಬಂದಿದ್ದರು. ಕಿವಿಯಲ್ಲಿ ಮಾತು ಹೇಳುವ ಯೋಜನೆ ಬಾಗಿಲಲ್ಲೇ ಮುರಿದುಬಿತ್ತು.

“ಲಕ್ಷ್ಮಮ್ಮನೋರೆ, ನೀವು ಹೇಳಿ,” ಎಂದರು ಸಿದ್ದಲಿಂಗಸ್ವಾಮಿ.

ಲಕ್ಷ್ಮಮ್ಮ ಸೊಸೆಯ ಕಡೆ ನೋಡಿದರು. “ನಾನೇನು ಹೇಳ್ಲಪ್ಪ. ನಮ್ಮನೇಲಿ ಹೊರಗಿಂದು ಯಾರೂ ಮುಟ್ಟಲ್ಲ. ಸ್ವಾಮಿಯೋರು ಒಳ್ಳೇರು. ವಸಿ ಬಾಯಿಚಪಲ, ಅಷ್ಟೇಯ.”

“ನಾವು ಅತ್ತೆ-ಸೊಸೆ ಇಬ್ಬರೂ ಸಪ್ಪೆ ಅಲ್ವಾ,” ಎಂದಳು ಕುಸುಮ, ಸೀರೆಯ ಅಂಚು ನೋಡುತ್ತ.

ಕೃಷ್ಣಸ್ವಾಮಿ ಎದೆ ತಟ್ಟಿಕೊಂಡೇ ಎದ್ದು ನಿಂತರು. “ನಾಲಗೆ ಗೆದ್ದವನು ಲೋಕ ಗೆದ್ದ. ನಮ್ಮ ಸ್ವಾಮಿಯವರನ್ನ ನಾನು ಪಾರ್ಕಿಗೆ ಕರೀತಾನೇ ಇದೀನಿ. ಈಗಲೂ ಕಾಲ ಮಿಂಚಿಲ್ಲ.” ಶಿಷ್ಯರು ತಲೆದೂಗಿದರು.

ಸಿದ್ದಲಿಂಗಸ್ವಾಮಿಯವರ ತಾಳ್ಮೆ ತಪ್ಪಿತು. ಹಸಿದ ಹೊಟ್ಟೆಯಲ್ಲಿ ಕೊಟ್ಟ ಮಾತು ಎಷ್ಟು ಹೊತ್ತು ನಿಲ್ಲುತ್ತದೆ? “ಭಾವ, ಇವರೆಲ್ಲ ಸುಳ್ಳು ಹೇಳ್ತಿದ್ದಾರೆ. ಲಕ್ಷ್ಮಮ್ಮನೋರೇ ದಿನಾ ನನ್ನ ಹೆಸರಲ್ಲಿ ಮಸಾಲೆ ದೋಸೆ ತರ್ಸೋದು.”

ಕುಸುಮ ಎದ್ದುನಿಂತಳು. ಈ ಸಲ ಅವಳ ಮಾತಿನಲ್ಲಿ ಕಪಟವಿರಲಿಲ್ಲ. “ನಿಮ್ಮ ತಪ್ಪು ಮುಚ್ಕೊಳ್ಳೋಕೆ ನಮ್ಮತ್ತೆ ಮೇಲೆ ಹಾಕ್ಬೇಡಿ ಅಂಕಲ್. ಆರು ತಿಂಗಳಿಂದ ಉಪ್ಪಿಲ್ದೆ ಊಟ ಮಾಡ್ತಿರೋ ಜೀವ ಅದು.”

“ನೀನೇನು ಕಮ್ಮಿನಾ? ಮಧ್ಯಾಹ್ನದ ಪನೀರು ನಿಂದಲ್ವಾ?”

“ಸ್ವಾಮಿಯೋರೆ,” ಎಂದು ಲಕ್ಷ್ಮಮ್ಮನವರೂ ಎದ್ದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. “ನನ್ಗೋಸ್ಕರ ನನ್ಸೊಸೆ ತಾನೂ ಉಪ್ಪು ಬುಟ್ಟವ್ಳೆ. ಅಂಥವ್ಳ ಮೇಲೆ ಅಂತೀರಲ್ಲ, ನಾಲ್ಗೆ ಎಂಗೆ ಬಂತು ನಿಮ್ಗೆ?”

ಅತ್ತೆ ಸೊಸೆಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊರನಡೆದರು. ಅವರ ಮನೆಯಲ್ಲಿ ಅಷ್ಟು ಒಗ್ಗಟ್ಟು ಹಿಂದೆಂದೂ ಕಂಡಿರಲಿಲ್ಲ. ಕೃಷ್ಣಸ್ವಾಮಿ ತಮ್ಮ ಸರದಿ ಬರುವ ಮೊದಲೇ ಶಿಷ್ಯರನ್ನು ಮುಂದೆ ಬಿಟ್ಟುಕೊಂಡು ಇಳಿದರು.

ಗುರುಮಲ್ಲಪ್ಪ ಪೊಟ್ಟಣವನ್ನು ತಿರುಗಿಸಿ ಮೇಲಿದ್ದ ಹೆಸರು ಓದಿದರು, ಆಮೇಲೆ ಭಾವನ ಮುಖ ನೋಡಿದರು. “ಬೀದಿಯವರ ಮೇಲೆಲ್ಲ ಯಾಕೆ ಹಾಕ್ತೀರಿ ಭಾವ? ಇಲ್ಲಿರೋದು ಯಾರ ಹೆಸರು?”

“ನಂದೇ. ಆದ್ರೆ ಆ ಆ್ಯಪೊಂದೇ ಅಲ್ವಾ ನನ್ನನ್ನ ಕೇಳೋದು, ಏನು ಬೇಕು ಅಂತ?” ಯಾವಾಗಲೋ ಹೇಳಬೇಕಿದ್ದ ಮಾತು ಆಗದ ಹೊತ್ತಿನಲ್ಲಿ ಹೊರಬಿತ್ತು. ಸಿದ್ದಲಿಂಗಸ್ವಾಮಿಯವರು ಕಣ್ಣೊರೆಸಿಕೊಂಡರು. “ಮನೇಲಿ ಯಾರು ಕೇಳ್ತಾರೆ ಹೇಳಿ.”

“ಅಂದ್ರೆ ಒಪ್ಕೊಂಡಂಗಾಯ್ತು. ಪ್ರೇಮಾ, ದೀಪಾವಳಿವರೆಗೂ ಒಲೆ ಹಚ್ಬೇಡ.” ತೀರ್ಪು ಹೇಳಿ ಗುರುಮಲ್ಲಪ್ಪ ಎದ್ದರು. ಒಲೆ ಹಚ್ಚದ ಮನೆಯಲ್ಲಿ ಹೆಚ್ಚು ಹೊತ್ತು ಕೂರುವ ಅಭ್ಯಾಸ ಅವರಿಗಿರಲಿಲ್ಲ.

ಬಾಗಿಲು ಹಾಕಿಕೊಂಡು ಬಂದ ಸಿದ್ದಲಿಂಗಸ್ವಾಮಿಯವರು ಕುರ್ಚಿಯ ಮೇಲೆ ಕುಸಿದರು. ಮಸಾಲೆ ದೋಸೆ ಲಕ್ಷ್ಮಮ್ಮನದು, ಪನೀರು ಕುಸುಮಳದು, ಗೋಬಿ ಕೃಷ್ಣಸ್ವಾಮಿಯದು. ಇಡೀ ದಿನ ಕಾದರೂ ಈ ಖಾಲಿ ದೋಸೆಯನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ.

“ಹಾಗಾದ್ರೆ ಇದು ಯಾರದ್ದು?” ಎಂದು ಅವರು ತಮಗೆ ತಾವೇ ಕೇಳಿಕೊಂಡರು.

“ನಂದು,” ಎಂದರು ಪ್ರೇಮಲೀಲಾ.

ಅವರು ಪೊಟ್ಟಣ ಬಿಚ್ಚಿ, ತಣ್ಣಗಾದ ದೋಸೆಯನ್ನು ಮುರಿದು ಸಾಗುವಿಗೆ ಅದ್ದಿದರು. “ಬೆಲ್ಲು ಬಿಡದೆ ಹೊಡೀರಿ ಅಂತ ಬರೆದಿದ್ದೂ ನಾನೇ. ಇಲ್ದಿದ್ರೆ ನೀವು ಉಪ್ಪಿಟ್ಟು ಮುಗಿಸದೆ ಏಳ್ತಿರ್ಲಿಲ್ಲ.”

“ಪ್ರೇಮಾ!”

“ಏನು ಪ್ರೇಮಾ? ದಸರಾ ಅಂತ ಬೆಳಗಿಂದ ರಾತ್ರಿವರೆಗೆ ಬೇಯ್ಸಿ ಹಾಕಿದ್ನಲ್ಲ, ಸೊಂಟ ಹಿಡ್ಕೊಂಡು ನಿಂತಿದ್ದೆ, ಒಬ್ಬರಾದ್ರೂ ಒಲೆ ಆರಿಸಿ ಕೂತ್ಕೋ ಅಂದ್ರಾ? ಅಣ್ಣನೂ ಆರು ಹೋಳಿಗೆ ತಿಂದು ಹೋದ. ರಜಾ ಕೇಳಿದ್ರೆ ಯಾರು ಕೊಡ್ತಿದ್ರು? ಅದಕ್ಕೇ ನಿಮಗೆ ಶಿಕ್ಷೆ ಅಂತ ತಗೊಂಡೆ.” ಇನ್ನೊಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ನಿಮ್ಮನ್ನ ಯಾರೂ ಏನು ಬೇಕು ಅಂತ ಕೇಳಲ್ಲ ಅಂತ ಅತ್ತುಬಿಟ್ರಿ. ನನ್ನನ್ನ ಯಾರು ಕೇಳಿದ್ರು, ಹೇಳಿ ನೋಡೋಣ.”

ಸಿದ್ದಲಿಂಗಸ್ವಾಮಿಯವರು ಹುಡುಕಿ ನೋಡಿದರು. ನೆನಪಿನಲ್ಲಿ ಒಂದು ದಿನವೂ ಸಿಗಲಿಲ್ಲ. ಹಸಿವಿಗಿಂತ ಅದು ಹೆಚ್ಚು ಚುಚ್ಚಿತು. ಒಂದು ರಜಾಕ್ಕಾಗಿ ಹೆಂಡತಿ ಇಷ್ಟು ದೊಡ್ಡ ಹೂಟ ಹೂಡಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

“ಊಟಕ್ಕೇನು ಮಾಡೋದು ಈಗ?” ಎಂದು ಕೊನೆಗೆ ಮೆಲ್ಲಗೆ ಕೇಳಿದರು.

ಪ್ರೇಮಲೀಲಾ ತಮ್ಮ ಫೋನು ತೆಗೆದು ಮುಂದಿಟ್ಟುಕೊಂಡರು. ಆ್ಯಪು ಅದರಲ್ಲಿ ಭದ್ರವಾಗಿತ್ತು. “ಹೇಳಿ. ನಿಮಗೆ ಏನು ಬೇಕು?”

ಮದುವೆಯಾದ ಮೇಲೆ ಮೊದಲ ಸಲ. ಸಿದ್ದಲಿಂಗಸ್ವಾಮಿಯವರ ಕಣ್ಣು ತೇವವಾಯಿತು. “ಪೂರಿ ಸಾಗು,” ಎಂದರು ಸಣ್ಣ ದನಿಯಲ್ಲಿ. ಆಮೇಲೆ ನೆನಪಾಗಿ, “ಬೇರೆ ಯಾರದಾದ್ರೂ ಹೆಸರು ಹಾಕು,” ಎಂದರು.

“ಯಾರದು ಹಾಕ್ಲಿ? ಈ ಬೀದೀಲಿ ಬೇರೆ ಹೆಸರಿಗೆ ಊಟ ಬಂದಿದ್ದುಂಟಾ?”

“ಹಾಗಾದ್ರೆ ಹಿಂದಿನ ಗೇಟು ಅಂತಾದ್ರೂ ಬರಿ. ಬೆಲ್ಲು ಹೊಡೀಬಾರ್ದು ಅಂತ ಬರಿ.”

ಇಡೀ ಬೀದಿಗೆ ಮರೆಯಾಗಲು ಅವರ ಹೆಸರಿತ್ತು. ಅವರು ಮರೆಯಾಗಲು ಮಾತ್ರ ಬೇರೆ ಹೆಸರಿರಲಿಲ್ಲ.

ಬೀದಿದೀಪ ಹತ್ತಿದ ಮೇಲೆ ಊಟ ಬಂದು ತಲುಪಿದೆ ಎಂದು ಫೋನು ಹೇಳಿತು. ಸಿದ್ದಲಿಂಗಸ್ವಾಮಿಯವರು ಚಪ್ಪಲಿ ಮೆಟ್ಟದೆ ಹಿತ್ತಿಲಿಗೆ ಓಡಿದರು. ಮೀಟರ್ ಬಾಕ್ಸಿನ ಮೇಲೆ ಒಂದು ಪೊಟ್ಟಣವಿತ್ತು. ದೇವರಾಜು ಬೈಕು ಶುರು ಮಾಡುತ್ತಿದ್ದ. ಪೊಟ್ಟಣ ಕೈಗೆತ್ತಿಕೊಂಡರೆ ಪೂರಿಯ ತೂಕ ಅದಕ್ಕಿರಲಿಲ್ಲ.

“ದೇವರಾಜು, ನನ್ನ ಪೂರಿ ಎಲ್ಲಪ್ಪಾ?”

“ಎರಡು ಪೊಟ್ಟಣ ತಂದಿದ್ದೆ ಸಾರ್, ಎರಡೂ ನಿಮ್ಮ ಹೆಸ್ರಿಗೇ. ಒಂದನ್ನ ಆಗ್ಲೇ ಸಿದ್ದಲಿಂಗಸ್ವಾಮಿಯೋರು ತಗೊಂಡೋದ್ರು.”

“ಸಿದ್ದಲಿಂಗಸ್ವಾಮಿ ನಾನು ಕಣಯ್ಯ.”

“ಅವರೂ ಅಂಗೇ ಅಂದ್ರು. ಕತ್ಲಲ್ಲಿ ಮುಖ ಕಾಣ್ಲಿಲ್ಲ ಸಾರ್, ಹಿಂದುಹಿಂದಕ್ಕೆ ನಡ್ಕೊಂಡು ಬಂದ್ರು.”

ದೇವರಾಜು ಹೊರಟುಹೋದ. ಸಿದ್ದಲಿಂಗಸ್ವಾಮಿಯವರು ಕೈಯಲ್ಲಿದ್ದ ಪೊಟ್ಟಣವನ್ನು ಬೀದಿದೀಪದ ಬೆಳಕಿಗೆ ಹಿಡಿದರು. ಅವರ ಹೆಸರು ಅಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ನವಣೆ ಉಪ್ಪಿಟ್ಟು.